ಹೋಗಿ ಬರುವ ಕಾರ್ಡು, ಹೋಗಿ ಬಾರದ ಚೀಟಿ

ಊರಿನ ಹೆಸರು ಬರೆಯುವುದಿಲ್ಲ. ಹಾನಗಲ್ ತಾಲ್ಲೂಕಿನ ಒಂದು ಹಳ್ಳಿ ಎಂದರೆ ಸಾಕು. ಹೆಸರು ಹಾಕಿದರೆ, ಆಶಾ ಕಾರ್ಯಕರ್ತೆ ಯಾರ ಮನೆಯ ಕಟ್ಟೆ ಹತ್ತಿದರು, ಎಲ್ಲಿ ಎಷ್ಟು ಹೊತ್ತು ಕುಳಿತರು ಎಂಬುದರಿಂದಲೇ ಒಳಗಿರುವ ಕಾಯಿಲೆ ಯಾವುದೆಂದು ಊರವರು ಲೆಕ್ಕ ಹಾಕಿಬಿಡುತ್ತಾರೆ. ನನ್ನನ್ನು ಜೊತೆಗೆ ಕರೆದೊಯ್ಯಲು ಆ ಆಶಾ ಹಾಕಿದ ಷರತ್ತೂ ಅದೊಂದೇ.

ಮೊದಲ ಬಸ್ಸಿನಿಂದ ಇಳಿದಾಗ ಏಳು ಗಂಟೆ ದಾಟಿತ್ತು. ನಿಲ್ದಾಣವೆಂದರೆ ಒಂದು ಸಿಮೆಂಟಿನ ಗೂಡು. ಎದುರಿಗೆ ಚಹಾದಂಗಡಿ, ಅದರ ಮಗ್ಗುಲಿಗೆ ಹಾಲಿನ ಡೇರಿ, ಆಚೆಗೆ ಭತ್ತದ ಗದ್ದೆ, ಗದ್ದೆಯಂಚಿಗೆ ಮಾವಿನ ತೋಪು. ಹಾವೇರಿ ಜಿಲ್ಲೆಯ ಬಯಲು ಮುಗಿದು ಮಲೆನಾಡಿನ ಸೆರಗು ಶುರುವಾಗುವ ಸೀಮೆ ಇದು. ಗೂಡಿನ ಗೋಡೆಯ ತುಂಬ ಆರೋಗ್ಯ ಇಲಾಖೆಯ ಬರಹ. ಎರಡು ವಾರಕ್ಕಿಂತ ಹೆಚ್ಚು ದಿನ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ ಎಂದು ಒಂದು ಕಡೆ. ತುರ್ತಿಗೆ 108, ಸಲಹೆಗೆ 104 ಎಂದು ಇನ್ನೊಂದು ಕಡೆ. ಆ ಕೊನೆಯ ಅಂಕಿಯ ಮೇಲೆ ಯಾರೋ ನಾಟಕದ ಪೋಸ್ಟರು ಅಂಟಿಸಿದ್ದರು. ಇದನ್ನೆಲ್ಲ ಓದುವವರು ಇದ್ದಾರೆಯೇ ಎಂದು ಸ್ವಲ್ಪ ಹೊತ್ತು ನಿಂತು ನೋಡಿದೆ. ಹಾಲು ಹಾಕಲು ಬಂದವರಲ್ಲಿ ಒಬ್ಬರೂ ಗೋಡೆ ಕಡೆ ತಿರುಗಲಿಲ್ಲ.

ಗುಲಾಬಿ ಬಣ್ಣದ ಸೀರೆ, ಹೆಗಲಿಗೆ ಚೀಲ. ಆಶಾ ಕಾರ್ಯಕರ್ತೆ ದೂರದಿಂದಲೇ ಕೈ ಮಾಡಿ ಕರೆದರು. "ಲಗೂನ ಬರ್ರಿ. ಎಂಟೂವರಿ ಆತಂದ್ರ ಮಂದಿ ಹೊಲಕ್ಕ ಹೊಕ್ಕಾರ, ಆಮ್ಯಾಲೆ ಮನ್ಯಾಗ ಮುದುಕ್ರು, ನಾಯಿ ಅಷ್ಟ ಸಿಗ್ತಾವ." ಹೀಗಾಗಿ ಆರೋಗ್ಯ ಕೇಂದ್ರಕ್ಕೆ ಆಮೇಲೆ ಹೋಗುವುದು, ಮೊದಲು ಓಣಿ ಎಂದಾಯಿತು.

ಚೀಲದಲ್ಲಿ ಏನೇನಿದೆ ಎಂದು ಕೇಳಿದೆ. ನಡೆಯುತ್ತಲೇ ಹೇಳಿದರು: ಕಬ್ಬಿಣದ ಮಾತ್ರೆ, ಓಆರ್‌ಎಸ್ ಪೊಟ್ಟಣ, ಜ್ವರದ ಮಾತ್ರೆ, ಥರ್ಮಾಮೀಟರು, ಕೂಸು ತೂಗುವ ಜೋಳಿಗೆ, ಬಸಿರು ಪರೀಕ್ಷೆಯ ಕಿಟ್ಟು, ನಿರೋಧ್, ಸೊಂಟದ ಸುತ್ತಳತೆ ತೆಗೆಯುವ ಟೇಪು, ಡೈರಿ. ಇವುಗಳಲ್ಲಿ ಅತಿ ಭಾರವಾದದ್ದು ಡೈರಿ ಎಂದು ನಕ್ಕರು. ತಮಾಷೆಗೆ ಹೇಳಿದ್ದು ಅಂದುಕೊಂಡೆ. ಮಧ್ಯಾಹ್ನದ ಹೊತ್ತಿಗೆ ಹಾಗನ್ನಿಸಲಿಲ್ಲ.

ಸಾವಿರ ಜನಕ್ಕೊಬ್ಬ ಆಶಾ ಎಂಬುದು 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದಾಗ ಹಾಕಿದ ಲೆಕ್ಕ. ಅದೇ ಊರಿನಲ್ಲಿ ವಾಸವಿರುವ, 25ರಿಂದ 45ರೊಳಗಿನ ಹೆಂಗಸಾಗಿರಬೇಕು. ಮದುವೆಯಾದವರು, ಗಂಡನನ್ನು ಕಳೆದುಕೊಂಡವರು ಅಥವಾ ಗಂಡನಿಂದ ಬೇರೆಯಾದವರಿಗೆ ಆದ್ಯತೆ. ಮಗಳಾದರೆ ಮದುವೆಯಾಗಿ ಬೇರೆ ಊರಿಗೆ ಹೋಗಿಬಿಡುತ್ತಾಳೆ, ಸೊಸೆಯಾದರೆ ಉಳಿಯುತ್ತಾಳೆ ಎಂಬ ಎಣಿಕೆ ಇದರ ಹಿಂದಿದೆ. ಈಗ ರಾಜ್ಯದಲ್ಲಿ ಸುಮಾರು 42 ಸಾವಿರ ಮಂದಿ ಇದ್ದಾರೆ. ನನ್ನ ಜೊತೆಗಿದ್ದವರೂ ಸೊಸೆಯೇ, ತವರು ಸವಣೂರಿನ ಕಡೆ. ಅಲ್ಲಿ ಉರ್ದು ಮಾತಾಡುವವರ ನಡುವೆ ಬೆಳೆದದ್ದು ಇಲ್ಲಿ ಉಪಯೋಗಕ್ಕೆ ಬಂದಿದೆ ಎನ್ನುವುದು ಎರಡನೇ ಓಣಿಯಲ್ಲಿ ಗೊತ್ತಾಯಿತು.

ಮೊದಲ ಮನೆ ಬಾಣಂತಿಯದು. ನಡುಮನೆ ದಾಟಿ ಒಳಗಿನ ಕೋಣೆ. ಕಿಟಕಿ ಮುಚ್ಚಿತ್ತು, ಮೂಲೆಯಲ್ಲಿ ಕೆಂಡ, ಅಜವಾನದ ಹೊಗೆ. ನನ್ನ ಕಣ್ಣು ಕತ್ತಲೆಗೆ ಹೊಂದಿಕೊಳ್ಳುವಷ್ಟರಲ್ಲಿ ಆಶಾ ಹಿತ್ತಲಿಗೆ ಹೋಗಿ ಸಾಬೂನಿನಿಂದ ಕೈ ತೊಳೆದು ಬಂದಾಗಿತ್ತು. ಕೂಸನ್ನು ಜೋಳಿಗೆಗೆ ಹಾಕಿ ಎತ್ತಿ ತೂಗಿದರು. ಅಂಗಿ ಮೇಲೆತ್ತಿ ಎದೆ ಏರಿಳಿಯುವುದನ್ನು ಗಡಿಯಾರ ನೋಡುತ್ತ ಎಣಿಸಿದರು. ಹೊಕ್ಕುಳು ನೋಡಿದರು. ಕೂಸು ಅಳಲಿಲ್ಲ, ಅಜ್ಜಿ ಮಾತ್ರ ಗೊಣಗಿದಳು.

"ಯವ್ವಾ, ಕೂಸಿಗೆ ಹೊಗಿ ಹಾಕಬ್ಯಾಡ್ರಿ ಅಂತ ಹ್ವಾದ ಸಲನೂ ಹೇಳೇನಿ."

"ನಾವು ಏಳು ಹಡದೇವಿ. ಹೊಗಿ ಹಾಕೇ ಬೆಳಸೇವಿ."

"ಏಳ್ರಾಗ ಎಷ್ಟು ಉಳದ್ವು ಬೇ ಅಜ್ಜಿ?"

ಅಜ್ಜಿ ಮಾತಾಡಲಿಲ್ಲ. ಕೆಂಡದ ಪಾತ್ರೆಯನ್ನು ಕಾಲಿನಿಂದ ಬಾಗಿಲ ಕಡೆ ಸರಿಸಿದಳು. ಇದು ಸ್ವಲ್ಪ ಒರಟಾಯಿತು ಎಂದು ನನಗೆ ಅನ್ನಿಸಿತು. ಆದರೆ ಹೊರಡುವಾಗ ಅಜ್ಜಿಯೇ ಆಶಾ ಅವರ ಕೈಗೆ ಎರಡು ಬಾಳೆಹಣ್ಣು ಇಟ್ಟಿದ್ದು ನೋಡಿದರೆ, ಇವರಿಬ್ಬರ ನಡುವೆ ಈ ಧಾಟಿ ಹಳೆಯದೇ ಇರಬೇಕು.

ಆಸ್ಪತ್ರೆಯಲ್ಲಿ ಹೆರಿಗೆಯಾದ ಕೂಸನ್ನು ಆಶಾ ಮನೆಗೆ ಬಂದು ಆರು ಸಲ ನೋಡಬೇಕು: 3, 7, 14, 21, 28 ಮತ್ತು 42ನೇ ದಿನ. ಆರೂ ಮುಗಿದರೆ ಅವರಿಗೆ 250 ರೂಪಾಯಿ. ಕಾಗದದ ಮೇಲೆ ಇದು ಸರಳ. ತೊಡಕು ಶುರುವಾಗುವುದು ಬಸಿರು–ಬಾಣಂತನದ ವಿವರ ಬರೆಯುವ ‘ತಾಯಿ ಕಾರ್ಡು’ ತೆರೆದಾಗ. ಹುಡುಗಿಯ ಗಂಡನ ಮನೆ ಹಿರೇಕೆರೂರು ತಾಲ್ಲೂಕಿನಲ್ಲಿ. ಬಸಿರು ನೋಂದಣಿ, ಮೊದಲ ಚುಚ್ಚುಮದ್ದು, ಸ್ಕ್ಯಾನಿಂಗ್ ಎಲ್ಲ ಅಲ್ಲಿ ಆಗಿದೆ. ಚೊಚ್ಚಲು ಹೆರಿಗೆ ತವರಿನಲ್ಲಿ ಎಂಬ ಪದ್ಧತಿಯಂತೆ ಏಳನೇ ತಿಂಗಳಲ್ಲಿ ಇಲ್ಲಿಗೆ ಬಂದಳು. ಹೆರಿಗೆಯಾದದ್ದು ಹಾನಗಲ್ಲಿನಲ್ಲಿ. ಐದನೇ ತಿಂಗಳಿಗೆ ಕೂಸನ್ನು ಕರೆದುಕೊಂಡು ಮತ್ತೆ ಹಿರೇಕೆರೂರಿಗೆ ಹೋಗುತ್ತಾಳೆ. ಮೊದಲ ಮಗುವಿಗೆ 5,000 ರೂಪಾಯಿ ಕೊಡುವ ಮಾತೃವಂದನಾ ಯೋಜನೆಯ ಅರ್ಜಿ ಅಲ್ಲಿ, ಕೂಸಿನ ಲಸಿಕೆ ಇಲ್ಲಿ, ಬ್ಯಾಂಕಿನ ಪುಸ್ತಕ ಮದುವೆಗೆ ಮುಂಚಿನ ಹೆಸರಿನಲ್ಲಿ.

ಹಾವೇರಿ ಜಿಲ್ಲೆಯಲ್ಲಿ ಹೆಣ್ಣು ಕೊಡುವುದು ತರುವುದು ತಾಲ್ಲೂಕಿನ ಗಡಿ ನೋಡಿ ನಡೆಯುವುದಿಲ್ಲ. ಹಾನಗಲ್ಲಿನವರ ಬೀಗರು ಶಿಗ್ಗಾವಿಯಲ್ಲಿ, ಸವಣೂರಿನವರ ನಂಟರು ಹಿರೇಕೆರೂರಿನಲ್ಲಿ. ಸರ್ಕಾರದ ಯೋಜನೆಗಳು ಮಾತ್ರ ಪ್ರತಿ ಮನುಷ್ಯನೂ ಒಂದು ಊರಿನವನು ಎಂದು ನಂಬಿಕೊಂಡು ನಡೆಯುತ್ತವೆ. 2017ರ ಅಕ್ಟೋಬರ್‌ನಲ್ಲಿ ಶುರುವಾದ ಮಾತೃಪೂರ್ಣದ ಬಿಸಿಯೂಟವೂ ಬಾಣಂತಿ ಅಂಗನವಾಡಿಗೆ ನಡೆದು ಬಂದು ಉಣ್ಣುತ್ತಾಳೆ ಎಂದು ಎಣಿಸಿತ್ತು. ಹೊಸ್ತಿಲು ದಾಟದ ಬಾಣಂತಿಯನ್ನು ಕಂಡ ಯಾರಾದರೂ ಹಾಗೆ ಎಣಿಸುತ್ತಿದ್ದರೇ ಎಂದು ನನಗೆ ಈಗಲೂ ಆಶ್ಚರ್ಯ.

ಅಂಗಳಕ್ಕೆ ಬಂದು ಆಶಾ ಫೋನು ಹಚ್ಚಿದರು. ಹಿರೇಕೆರೂರಿನ ಕಡೆಯ ಆಶಾಗೆ. ಇಬ್ಬರೂ ಒಬ್ಬರನ್ನೊಬ್ಬರು ಕಂಡಿಲ್ಲವಂತೆ, ಫೋನಿನಲ್ಲೇ ಅಕ್ಕ–ತಂಗಿ. "ಅಕ್ಕಾ, ನಿಮ್ಮ ಸೊಸಿ ಕೂಸು ಎರಡೂ ಮುಕ್ಕಾಲು ಕೇಜಿ ಆಗೈತಿ, ಬರಕೋರಿ." ಈ ಫೋನು ಮಾಡಬೇಕೆಂದು ಯಾವ ನಿಯಮದಲ್ಲಿದೆ ಎಂದು ಕೇಳಿದೆ. ನಿಯಮದಲ್ಲಿ ಇಲ್ಲ. ಮಾಡದಿದ್ದರೆ ಕೂಸು ಎರಡು ಪುಸ್ತಕಗಳಲ್ಲೂ ಇರುವುದಿಲ್ಲ, ಅಥವಾ ಎರಡರಲ್ಲೂ ಇರುತ್ತದೆ. ಎರಡೂ ತೊಂದರೆಯೇ.

ಎರಡನೇ ಓಣಿ ಮುಸಲ್ಮಾನರದು. ಇಲ್ಲಿ ಅವರ ಮಾತು ಕನ್ನಡಕ್ಕೂ ಉರ್ದುವಿಗೂ ನಡುವೆ ಓಡಾಡಿತು. ಎಂಟು ತಿಂಗಳ ಬಸುರಿಯೊಬ್ಬಳ ಮನೆ ಮುಂದೆ ನಿಂತು, ಹತ್ತೂ ಮುಕ್ಕಾಲರ ಬಸ್ಸಿಗೆ ತಯಾರಾಗಿರು, ಹೊಟ್ಟೆ ತುಂಬ ತಿಂದು ಬಾ, ಕಾರ್ಡು ಮರೀಬೇಡ ಎಂದರು. ಅಂದು ಒಂಬತ್ತನೇ ತಾರೀಖು. ತಿಂಗಳ ಒಂಬತ್ತಕ್ಕೆ ಬಸುರಿಯರನ್ನು ವೈದ್ಯರೇ ತಪಾಸಣೆ ಮಾಡುವ ಏರ್ಪಾಡು 2016ರಿಂದ ಇದೆ. ಹುಡುಗಿಯ ಅತ್ತೆ, ಯಾರು ಕರೆದುಕೊಂಡು ಹೋಗುವುದು, ನನಗೆ ಕೂಲಿ ಇದೆ ಎಂದಳು. "ನಾ ಅದೀನಲ್ರಿ ಖಾಲಾ" ಎಂದರು ಆಶಾ.

ಮುಂದಿನ ಮನೆಯಲ್ಲಿ ಅರ್ಜಿ ತುಂಬುವ ಕೆಲಸ. ಮೂವತ್ತು ದಾಟಿದ ಪ್ರತಿಯೊಬ್ಬರಿಗೂ ಒಂದು ನಮೂನೆ ತುಂಬಬೇಕು. ವಯಸ್ಸು, ತಂಬಾಕು, ಕುಡಿತ, ಸೊಂಟದ ಸುತ್ತಳತೆ, ಮೈದಣಿಯುವ ಕೆಲಸ, ಮನೆತನದಲ್ಲಿ ಬಿಪಿ–ಶುಗರ್ ಇತ್ತೇ ಎಂಬುದಕ್ಕೆಲ್ಲ ಅಂಕ. ಕೂಡಿದಾಗ ನಾಲ್ಕು ದಾಟಿದರೆ ಅಂಥವರಿಗೆ ಅಪಾಯ ಹೆಚ್ಚು, ತಪಾಸಣೆಗೆ ಮೊದಲು ಕಳಿಸಬೇಕು. ಗಂಡಸರ ಸೊಂಟ ಅಳೆಯುವುದು ಹೇಗೆ ಎಂದು ನನಗೆ ಕುತೂಹಲವಿತ್ತು. ಟೇಪಿನ ಒಂದು ತುದಿಯನ್ನು ಅವರ ಕೈಗೇ ಕೊಟ್ಟು, ಸುತ್ತಿಕೊಂಡು ಹೇಳಿ ಎನ್ನುತ್ತಾರೆ. ಉಸಿರು ಒಳಗೆಳೆದು ಹೊಟ್ಟೆ ಸಣ್ಣ ಮಾಡಿಕೊಳ್ಳುವವರನ್ನು ನಗಿಸಿ ಮತ್ತೆ ಅಳೆಸುತ್ತಾರೆ.

ಒಲೆ ಯಾವುದು ಎಂದೂ ನಮೂನೆ ಕೇಳುತ್ತದೆ. ಕೊನೆಗೆ ಮನಸ್ಸಿನ ಬಗ್ಗೆ ಎರಡು ಪ್ರಶ್ನೆ: ಕಳೆದ ಎರಡು ವಾರಗಳಲ್ಲಿ ಕೆಲಸದಲ್ಲಿ ಆಸಕ್ತಿ ಕಡಿಮೆಯಾಗಿದೆಯೇ, ಬೇಸರ ಅಥವಾ ಹತಾಶೆ ಕಾಡಿದೆಯೇ. ಮನೆಯ ಯಜಮಾನ ಗೋವಿನಜೋಳದ ಬೆಳೆಗಾರ, ಐವತ್ತರ ಆಸುಪಾಸು. ಈ ಎರಡನ್ನು ಆಶಾ ಓದಲೇ ಇಲ್ಲ. ಡೈರಿ ಮುಚ್ಚಿ ತೊಡೆಯ ಮೇಲಿಟ್ಟುಕೊಂಡು, "ಅಣ್ಣಾರ, ರಾತ್ರಿ ನಿದ್ದಿ ಬರತೈತೇನ್ರಿ? ಹೊಲಕ್ಕ ಹೋಗಾಕ ಮನಸ್ಸು ಆಗತೈತೋ ಇಲ್ಲೋ?" ಎಂದರು. ಅವರು ಉತ್ತರ ಕೊಡಲು ಬಹಳ ಹೊತ್ತು ತೆಗೆದುಕೊಂಡರು. ಏನು ಹೇಳಿದರು ಎಂಬುದು ಇಲ್ಲಿ ಬೇಡ. ಹಾವೇರಿ ಜಿಲ್ಲೆಗೆ ರೈತರ ಆತ್ಮಹತ್ಯೆ ಹೊಸ ಸಂಗತಿಯಲ್ಲ. ಸತ್ತ ಮೇಲೆ ಪರಿಹಾರಕ್ಕೆ ಯಾವ ಯಾವ ದಾಖಲೆ ಬೇಕೆಂಬುದು ಓಣಿಯಲ್ಲಿ ಹಲವರಿಗೆ ಗೊತ್ತಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ಮನೋವೈದ್ಯರು ನೋಡುವ ಮನೋಚೈತನ್ಯ ಎಂಬ ಏರ್ಪಾಡಿದೆ, ಹಗಲು ರಾತ್ರಿ ಮಾತಾಡಲು 14416 ಎಂಬ ನಂಬರಿದೆ ಎಂಬುದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆಶಾ ನಂಬರನ್ನು ಅವರ ಹೆಂಡತಿಯ ಫೋನಿಗೆ ಹಾಕಿಕೊಟ್ಟರು, ಅವರದಕ್ಕೆ ಹಾಕಲಿಲ್ಲ. ಯಾಕೆಂದು ಓಣಿಯ ತಿರುವಿನಲ್ಲಿ ಕೇಳಿದೆ. "ಅವ್ರು ಹಚ್ಚಂಗಿಲ್ರಿ. ಆಕಿ ಹಚ್ಚತಾಳ." ಮಂಗಳವಾರ ಅವರ ಜೊತೆ ಯಾರು ಹೋಗುತ್ತಾರೆ ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ.

ಅದರಾಚೆಯ ಒಂದು ಮನೆಗೆ ನನ್ನನ್ನು ಬಿಡಲಿಲ್ಲ. "ನೀವು ಇಲ್ಲೇ ಗುಡಿ ಕಟ್ಟಿ ಮ್ಯಾಲೆ ಕುಂದರ್ರಿ." ಕುಳಿತೆ. ಅಲ್ಲಿಂದ ಕಂಡದ್ದು ಅರ್ಧ ತೆರೆದ ಬಾಗಿಲು, ತೊಳೆದು ಬಿಸಿಲಿಗೆ ಬೋರಲು ಹಾಕಿದ ಒಂದು ತಟ್ಟೆ, ಒಂದು ಲೋಟ. ಅವು ಮಿಕ್ಕ ಪಾತ್ರೆಗಳಿಂದ ಬೇರೆ ಇದ್ದವು ಎನ್ನುವುದು ಕಣ್ಣಿಗೆ ಬಿತ್ತು, ಅದರಿಂದ ಏನನ್ನೂ ಊಹಿಸಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಆಶಾ ಹೊರಗೆ ಬಂದಾಗ ಸೀರೆಯ ಮೇಲೆ ಹೊದ್ದಿದ್ದ ಬಣ್ಣದ ಶಾಲನ್ನು ತೆಗೆದು ಚೀಲಕ್ಕೆ ತುರುಕಿದರು. ಗುಲಾಬಿ ಸೀರೆ ಕಂಡರೆ ಓಣಿ ಎಣಿಸುತ್ತದೆ, ಅದಕ್ಕೆ ಈ ಮನೆಗೆ ಬರುವಾಗ ಶಾಲು.

ಕಾಯಿಲೆ ಯಾವುದೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಕ್ಷಯ, ಎಚ್‌ಐವಿ, ಕುಷ್ಠ, ಇವುಗಳಲ್ಲಿ ಒಂದೊಂದಕ್ಕೂ ಈಗ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಔಷಧಿ ಇದೆ. ಸಾಮಾನ್ಯ ಕ್ಷಯ ಆರು ತಿಂಗಳು ಮಾತ್ರೆ ನುಂಗಿದರೆ ವಾಸಿಯಾಗುತ್ತದೆ. ಪೌಷ್ಟಿಕ ಆಹಾರಕ್ಕೆಂದು 2018ರಿಂದ ರೋಗಿಯ ಖಾತೆಗೆ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು, 2024ರ ನವೆಂಬರ್‌ನಿಂದ ಅದು 1,000 ಆಗಿದೆ. ಎರಡನೇ ತಿಂಗಳಿಗೆ ಕೆಮ್ಮು ನಿಂತು ಮೈಗೆ ಹಗುರ ಅನ್ನಿಸಿದ ಕೂಡಲೇ ಮಾತ್ರೆ ಬಿಡುವವರಿದ್ದಾರೆ. ಹಾಗೆ ಬಿಟ್ಟರೆ ಔಷಧಿಗೆ ಬಗ್ಗದ ಕ್ಷಯ ಬರಬಹುದು. ಹೀಗಾಗಿ ಆಶಾ ಮಾಡುವ ಕೆಲಸ ಔಷಧಿ ಕೊಡುವುದಕ್ಕಿಂತ ಖಾಲಿಯಾದ ಮಾತ್ರೆ ಹಾಳೆ ನೋಡುವುದು. ಅದೂ ಯಾರಿಗೂ ತಿಳಿಯದಂತೆ.

ಊರ ಹೊರಗೆ ಹಳ್ಳ ದಾಟಿದರೆ ತಾಂಡಾ. ಶಿಗ್ಗಾವಿ, ಸವಣೂರು, ಹಾನಗಲ್ ಈ ಮೂರೂ ಕಡೆ ಲಂಬಾಣಿ ತಾಂಡಾಗಳಿವೆ. ಇಲ್ಲಿ ನನಗೆ ಮೊದಲು ಕಂಡದ್ದು ಬೀಗಗಳು. ಸಾಲಾಗಿ ಬೀಗ. ಬಾಗಿಲ ಪಕ್ಕದ ಗೋಡೆಯಲ್ಲಿ ಸುಣ್ಣದ ಕಡ್ಡಿಯಿಂದ ಬರೆದ ಗುರುತು: ಪಲ್ಸ್ ಪೋಲಿಯೊ ತಂಡದವರು ಮನೆಯ ಮಕ್ಕಳಿಗೆಲ್ಲ ಹನಿ ಹಾಕಿದ್ದರೆ ಇಂಗ್ಲಿಷಿನ ಪಿ ಬರೆಯುತ್ತಾರೆ, ಯಾರಾದರೂ ಉಳಿದಿದ್ದರೆ ಎಕ್ಸ್ ಎಳೆಯುತ್ತಾರೆ. ಬೀಗ ಹಾಕಿದ ಮನೆಗಳ ಮೇಲೆ ಆ ಎಕ್ಸ್. ಮಳೆಗೆ ಅರ್ಧ ತೊಳೆದುಹೋಗಿದ್ದರಿಂದ ಕೆಲವು ಕಡೆ ಏನು ಬರೆದಿತ್ತೆಂದು ನನಗೆ ತಿಳಿಯಲಿಲ್ಲ. ಆಶಾಗೆ ತಿಳಿದಿತ್ತು, ಗೋಡೆ ನೋಡದೆ ಹೇಳಿದರು: ಈ ಮನೆಯವರು ಕಬ್ಬು ಕಡಿಯಲು, ಆ ಮನೆಯವರು ಕಾಫಿ ತೋಟಕ್ಕೆ, ಕೊನೆಯ ಮನೆಯಲ್ಲಿ ಮುದುಕಿ ಮತ್ತು ಎರಡು ಮಕ್ಕಳಷ್ಟೇ.

ಅವರ ಡೈರಿಯ ಹಿಂದಿನ ಪುಟದಲ್ಲಿ ಮೇಸ್ತ್ರಿಗಳ ಫೋನ್ ನಂಬರುಗಳಿದ್ದವು. ಗುಂಪು ಕರೆದೊಯ್ಯುವವರು ಅವರು. ಬಸುರಿಯರು ಎಷ್ಟು ಮಂದಿ ಹೋಗಿದ್ದಾರೆ, ಯಾವ ಊರಿನಲ್ಲಿದ್ದಾರೆ, ಅಲ್ಲಿ ಹತ್ತಿರದ ಆಸ್ಪತ್ರೆ ಯಾವುದು ಎಂದು ಫೋನಿನಲ್ಲೇ ವಿಚಾರಿಸುತ್ತಾರೆ. ನಂಬರು ಸಿಗುವುದು ಸುಲಭವಿರಲಿಲ್ಲವಂತೆ. ಮೇಸ್ತ್ರಿಯ ತಾಯಿಗೆ ಕಣ್ಣಿನ ಪೊರೆ ತೆಗೆಸಲು ಇವರು ಓಡಾಡಿದ ಮೇಲೆ ಸಿಕ್ಕಿತು. ಈ ಊರಿನ ಅರೆವಾಸಿ ಆರೋಗ್ಯ ವ್ಯವಸ್ಥೆ ಇಂಥ ಋಣಗಳ ಮೇಲೆ ನಡೆಯುತ್ತಿದೆ ಎಂದು ನನ್ನ ಅಂದಾಜು.

ಕೊನೆಯ ಮನೆಯ ಮುದುಕಿಗೆ ವಯಸ್ಸೆಷ್ಟೋ. ಆಧಾರ್ ಪ್ರಕಾರ ಅರವತ್ತು, ಆಕೆಯ ಮಾತಿನ ಪ್ರಕಾರ ಕ್ಷಾಮದ ವರ್ಷ ಹುಟ್ಟಿದ್ದು. ಸಂಧ್ಯಾ ಸುರಕ್ಷಾ ಪಿಂಚಣಿಯ 1,200 ರೂಪಾಯಿ ಸಿಗಬೇಕಾದರೆ 65 ಆಗಿರಬೇಕು. ವಿಧವಾ ವೇತನ ಬರುತ್ತಿತ್ತು, ನಿಂತುಹೋಗಿದೆ. ಬಿಪಿ ಮಾತ್ರೆಯೂ ನಿಂತಿದೆ. ಎರಡಕ್ಕೂ ಸಂಬಂಧವಿದೆ ಎಂದು ನನಗೆ ತಕ್ಷಣ ಹೊಳೆಯಲಿಲ್ಲ. ಪಿಂಚಣಿ ತೆಗೆಯಲು ತಿಂಗಳಿಗೊಮ್ಮೆ ಊರೊಳಗೆ ಬರುತ್ತಿದ್ದಳು, ಬಂದಾಗ ಮಾತ್ರೆ ಒಯ್ಯುತ್ತಿದ್ದಳು. ಹಣ ನಿಂತ ಮೇಲೆ ಬರುವುದನ್ನೇ ಬಿಟ್ಟಳು. ಆಶಾ ಆಕೆಯ ಬ್ಯಾಂಕ್ ಪುಸ್ತಕ, ಆಧಾರ್, ಗಂಡನ ಮರಣ ಪತ್ರ, ಮಾತ್ರೆಯ ಹಳೇ ಚೀಟಿ ನಾಲ್ಕನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತೆಗೆದುಕೊಂಡರು.

ಒಂಬತ್ತೂವರೆಗೆ ಆರೋಗ್ಯ ಕೇಂದ್ರ. ಮೊದಲು ಉಪಕೇಂದ್ರ ಎನ್ನುತ್ತಿದ್ದರು, ಈಗ ಫಲಕದ ಮೇಲೆ ಆಯುಷ್ಮಾನ್ ಆರೋಗ್ಯ ಮಂದಿರ ಎಂದಿದೆ. ಊರಲ್ಲಿ ಎರಡನ್ನೂ ಯಾರೂ ಅನ್ನುವುದಿಲ್ಲ, "ಸಿಸ್ಟರ್ ಮನಿ" ಅನ್ನುತ್ತಾರೆ. ಹಳದಿ ಗೋಡೆ. ಒಳಗೆ ಮೇಜು, ಬಿಪಿ ನೋಡುವ ಯಂತ್ರ, ಶುಗರ್ ನೋಡುವ ಯಂತ್ರ, ತೂಕದ ಯಂತ್ರ, ಗೋಡೆಯ ಮೇಲೆ ಎತ್ತರದ ಅಳತೆ. ಹಿಂದಿನ ಕೋಣೆಯಲ್ಲಿ ಹೆರಿಗೆ ಮಂಚವಿತ್ತು, ಅದರ ಮೇಲೆ ಔಷಧಿಯ ಪೆಟ್ಟಿಗೆಗಳು. ಈಗ ಹೆರಿಗೆಗಳೆಲ್ಲ ದೊಡ್ಡ ಆಸ್ಪತ್ರೆಗೆ. ಗೋಡೆಯ ಕಪ್ಪು ಹಲಗೆಯಲ್ಲಿ ಜನಸಂಖ್ಯೆ, ಮನೆಗಳು, ಅರ್ಹ ದಂಪತಿ, ಬಸುರಿಯರು, ಒಂದು ವರ್ಷದೊಳಗಿನ ಮಕ್ಕಳು ಎಂದು ಸಾಲುಗಳು. ಕೆಲವು ಅಂಕಿಗಳು ಸುಣ್ಣದ ಕಡ್ಡಿಯಲ್ಲಿ, ಕೆಲವು ಎಣ್ಣೆ ಬಣ್ಣದಲ್ಲಿ. ಎಣ್ಣೆ ಬಣ್ಣದವು ಬದಲಾಗುವುದಿಲ್ಲ ಎಂದೋ ಬದಲಿಸುವುದಿಲ್ಲ ಎಂದೋ ನನಗೆ ಗೊತ್ತಾಗಲಿಲ್ಲ.

ಮೇಜಿನ ಹಿಂದೆ ಸಮುದಾಯ ಆರೋಗ್ಯ ಅಧಿಕಾರಿ, ವಯಸ್ಸಿನಲ್ಲಿ ಚಿಕ್ಕವರು, ಟ್ಯಾಬ್‌ನಲ್ಲಿ ಹೆಸರು ಹುಡುಕುತ್ತಿದ್ದರು. ಆಶಾ ಬೆಳಗಿನ ಮನೆಗಳನ್ನು ಬಾಯಲ್ಲೇ ಒಪ್ಪಿಸಿದರು, ಅವರು ಬೆರಳಲ್ಲಿ ತುಂಬಿದರು. ನೆಟ್‌ವರ್ಕ್ ಎರಡು ಸಲ ಹೋಯಿತು. ಬಾಯಲ್ಲಿ ಹೇಳಿದ್ದರಲ್ಲಿ ಎಷ್ಟು ಒಳಗೆ ಹೋಗುತ್ತದೆ ಎಂದು ಗಮನಿಸುತ್ತಿದ್ದೆ. ಕೂಸಿನ ತೂಕ ಹೋಯಿತು. ನಾಲ್ಕು ದಾಟಿದ ಅಂಕ ಹೋಯಿತು. ಅಜ್ಜಿ ಕೆಂಡದ ಪಾತ್ರೆ ಸರಿಸಿದ್ದು, ಮುದುಕಿ ಮಾತ್ರೆ ಬಿಟ್ಟದ್ದಕ್ಕೆ ಪಿಂಚಣಿ ಕಾರಣವಾದದ್ದು, ನಂಬರು ಹೆಂಡತಿಯ ಫೋನಿನಲ್ಲಿ ಇರುವುದು, ಇವು ಹೋಗಲಿಲ್ಲ. ಅವಕ್ಕೆ ಅಲ್ಲಿ ಜಾಗವಿಲ್ಲ. ಡೈರಿ ಯಾಕೆ ಭಾರ ಎಂಬುದು ಇಲ್ಲಿ ಅರ್ಥವಾಯಿತು.

ಪಕ್ಕದ ಗ್ರಾಮ ಪಂಚಾಯಿತಿಯಲ್ಲಿ ಹೆಚ್ಚು ಹೊತ್ತಾಗಲಿಲ್ಲ. ಕಂಪ್ಯೂಟರಿನ ಹುಡುಗ ಮುದುಕಿಯ ಕಾಗದ ನೋಡಿ, ಆಧಾರ್‌ನಲ್ಲಿ ಒಂದು ಹೆಸರು, ಪಾಸ್‌ಬುಕ್ಕಿನಲ್ಲಿ ಇನ್ನೊಂದು, ಖಾತೆಗೆ ಆಧಾರ್ ಜೋಡಣೆ ಆಗಿಲ್ಲ, ಮೊದಲು ಬ್ಯಾಂಕು, ಆಮೇಲೆ ನಾಡಕಚೇರಿ ಎಂದ. ಹೆಬ್ಬೆಟ್ಟು ಹೊಂದಿದರೆ ಸರಿ, ಮಣ್ಣು ಮಾಡಿ ಸವೆದ ಬೆರಳು ಯಂತ್ರಕ್ಕೆ ಹೊಂದುವುದೇ ಕಷ್ಟ ಎಂದೂ ಸೇರಿಸಿದ. ಈ ಓಡಾಟಕ್ಕೆ ಆಶಾಗೆ ಯಾವ ಪ್ರೋತ್ಸಾಹಧನವೂ ಇಲ್ಲ. ಹೆರಿಗೆಗೆ ಇಷ್ಟು, ಲಸಿಕೆಗೆ ಇಷ್ಟು, ಕ್ಷಯದ ರೋಗಿ ಮಾತ್ರೆ ಮುಗಿಸಿದರೆ ಇಷ್ಟು ಎಂಬ ದೊಡ್ಡ ಪಟ್ಟಿಯೇ ಇದೆ. ಪಿಂಚಣಿ ಮರಳಿ ಬರುವಂತೆ ಮಾಡಿ ಬಿಪಿ ಮಾತ್ರೆ ಮತ್ತೆ ಶುರು ಮಾಡಿಸಿದ್ದಕ್ಕೆ ಎಂಬ ಸಾಲು ಅದರಲ್ಲಿಲ್ಲ. ನನಗೆ ಆ ದಿನ ಕಂಡ ಕೆಲಸಗಳಲ್ಲಿ ಅದೇ ಎಲ್ಲಕ್ಕಿಂತ ಬುದ್ಧಿ ಬೇಡುವ ಕೆಲಸವಾಗಿತ್ತು.

ಹತ್ತೂ ಮುಕ್ಕಾಲರ ಬಸ್ಸು ಹನ್ನೊಂದಕ್ಕೆ ಬಂತು. ಬಸುರಿ ಹುಡುಗಿ ಬುರ್ಖಾ ಹಾಕಿಕೊಂಡು ಗೂಡಿನಲ್ಲಿ ಕುಳಿತಿದ್ದಳು. ಇಬ್ಬರೂ ಆಧಾರ್ ತೋರಿಸಿ ಶೂನ್ಯದ ಟಿಕೆಟ್ ಪಡೆದರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಆಸ್ಪತ್ರೆಗೆ ಹೊರಡಿಸುವುದು ಸುಲಭವಾಗಿದೆ, ಬಸ್ ಚಾರ್ಜಿಗೆ ಗಂಡನನ್ನು ಕೇಳುವುದು ತಪ್ಪಿತು ಎಂದರು ಆಶಾ. ಆರೋಗ್ಯ ಇಲಾಖೆಯದಲ್ಲದ ಒಂದು ಯೋಜನೆ ಆರೋಗ್ಯಕ್ಕೆ ಇಷ್ಟು ನೆರವಾಗಿದೆ ಎಂದು ಯಾವ ಲೆಕ್ಕದಲ್ಲಿ ಬರೆಯುತ್ತಾರೋ.

ತಾಲ್ಲೂಕು ಆಸ್ಪತ್ರೆಯ ಗೇಟಿನಲ್ಲಿ ನಿಂತರೆ ಮೊದಲು ಚೀಟಿ ಮಾಡಿಸುವ ಸಾಲು. ಅದನ್ನು ದಾಟಿ ಎಡಕ್ಕೆ ರಕ್ತ ಪರೀಕ್ಷೆ, ಬಲಕ್ಕೆ ಔಷಧಿ, ಒಳಗೆ ಹೆರಿಗೆ ವಾರ್ಡು. ಬಾಣ ಹಾಕಿದ ಫಲಕಗಳಿವೆ, ಆದರೂ ಎಲ್ಲರೂ ಕೇಳಿಕೊಂಡೇ ಹೋಗುತ್ತಾರೆ. ಆಶಾ ಕೇಳಲಿಲ್ಲ. ಹುಡುಗಿಯನ್ನು ಬೆಂಚಿನ ಮೇಲೆ ಕೂರಿಸಿ, ಸಾಲಿನಲ್ಲಿ ತಾವು ನಿಂತು, ಚೀಟಿ ತಂದು, ಲ್ಯಾಬಿಗೆ ಕರೆದೊಯ್ದು, ಫಲಿತಾಂಶ ಬರುವವರೆಗೆ ಬೇರೆ ಊರಿನ ಇನ್ನಿಬ್ಬರು ಆಶಾಗಳ ಜೊತೆ ವರಾಂಡದಲ್ಲಿ ನೆಲಕ್ಕೆ ಕುಳಿತರು. ಗುಲಾಬಿ ಸೀರೆಗಳು ಮೂರಾದ ಕೂಡಲೇ ಮಾತು ದುಡ್ಡಿನ ಕಡೆ ತಿರುಗಿತು. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅಹೋರಾತ್ರಿ ಧರಣಿ ಕುಳಿತಾಗ, ಏಪ್ರಿಲ್‌ನಿಂದ ತಿಂಗಳಿಗೆ ಕನಿಷ್ಠ 10,000 ರೂಪಾಯಿ ಸಿಗುವಂತೆ ಮಾಡುವುದಾಗಿ ಸರ್ಕಾರ ಒಪ್ಪಿತ್ತು. ಆ ಚಳಿಯಲ್ಲಿ ಮಲಗಿದವರಲ್ಲಿ ಇಲ್ಲಿನ ಒಬ್ಬರೂ ಇದ್ದರು. ಯಾವ ಕೆಲಸ ಆನ್‌ಲೈನಿನಲ್ಲಿ ಏರಿಲ್ಲ, ಯಾವುದರ ದುಡ್ಡು ಬಿದ್ದಿಲ್ಲ ಎಂದು ಬೆರಳು ಮಡಚಿ ಹೇಳುತ್ತಿದ್ದರು. ಆ ಲೆಕ್ಕ ನನಗೆ ಪೂರ್ತಿ ಹಿಡಿಯಲಿಲ್ಲ.

ಆ ಮಾತಿನ ನಡುವೆಯೇ ಒಬ್ಬರು ಹೇಳಿದ್ದು ನಾನು ಬರೆದುಕೊಂಡೆ: "ಮ್ಯಾಲಕ್ಕ ಬರದುಕೊಡ್ತಾರ್ರೀ. ಮ್ಯಾಲಿಂದ ಕೆಳಗ ಯಾರೂ ಬರದುಕೊಡಂಗಿಲ್ಲ." ಊರಿನಿಂದ ತಾಲ್ಲೂಕಿಗೆ ಚೀಟಿ, ತಾಲ್ಲೂಕಿನಿಂದ ಹಾವೇರಿಗೆ ಚೀಟಿ, ಹಾವೇರಿಯಿಂದ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಚೀಟಿ. ಹಿರೇಕೆರೂರಿನ ಕಡೆಯವರು ಶಿವಮೊಗ್ಗಕ್ಕೋ ದಾವಣಗೆರೆಗೋ ಹೋಗುವುದೂ ಉಂಟು. ಅಲ್ಲಿ ಏನಾಯಿತು, ಯಾವ ಮಾತ್ರೆ ಬದಲಿಸಿದರು, ಮತ್ತೆ ಯಾವಾಗ ಬರಬೇಕು ಎಂಬುದು ಊರಿನ ಸಿಸ್ಟರ್‌ಗೂ ಆಶಾಗೂ ಗೊತ್ತಾಗುವುದು ರೋಗಿಯ ಮನೆಯವರು ಹೇಳಿದರೆ ಮಾತ್ರ. ಅವರು ನೆನಪಿಟ್ಟುಕೊಂಡಷ್ಟು ಮಾತ್ರ.

ಇದಕ್ಕೊಂದು ಅಪವಾದವಿದೆ, ಅದು ತಾಯಿ ಕಾರ್ಡು. ಬಸುರಿಯ ಕೈಯಲ್ಲೇ ಇರುತ್ತದೆ. ಸಿಸ್ಟರ್ ಬರೆಯುತ್ತಾರೆ, ಲ್ಯಾಬಿನವರು ಬರೆಯುತ್ತಾರೆ, ವೈದ್ಯರು ಬರೆಯುತ್ತಾರೆ, ಹಿರೇಕೆರೂರಿನಲ್ಲಿ ಶುರುವಾದದ್ದು ಹಾನಗಲ್ಲಿಗೆ ಬಂದು ಮತ್ತೆ ಹಿಂದಕ್ಕೆ ಹೋಗುತ್ತದೆ. ತೊಂದರೆಯಿರುವ ಬಸುರಿಯ ಕಾರ್ಡಿಗೆ ಕೆಂಪು ಚೀಟಿ ಅಂಟಿಸುತ್ತಾರೆ, ಇಲ್ಲದಿದ್ದರೆ ಹಸಿರು. ಕಾರ್ಡು ನೋಡಿದ ಯಾವ ಆಸ್ಪತ್ರೆಯವರಿಗೂ ಒಂದೇ ನೋಟಕ್ಕೆ ತಿಳಿಯಬೇಕೆಂದು. ಬೆಳಗಿನಿಂದ ಕಂಡ ಮನೆಗಳನ್ನು ನೆನೆದೆ. ಬಾಣಂತಿಯ ಕಾಗದ ತಾಲ್ಲೂಕು ದಾಟಿ ಬಂದಿತ್ತು. ಬಿಪಿಯ ಮುದುಕಿಯ ಬಳಿ ಒಂದು ಹರಿದ ಚೀಟಿ ಇತ್ತು, ಮಾತ್ರೆಯ ಹೆಸರು ಓದಲು ಬರುತ್ತಿರಲಿಲ್ಲ. ಗೋವಿನಜೋಳದ ಬೆಳೆಗಾರರ ಬಳಿ ಏನೂ ಇರಲಿಲ್ಲ. ಬಿಪಿ–ಶುಗರ್‌ನವರಿಗೂ ಕಾರ್ಡುಗಳನ್ನು ಕೊಡುತ್ತಾರೆ, ನಾನು ಹೋದ ಮನೆಗಳಲ್ಲಿ ಮಾತ್ರ ಯಾರೂ ತೆಗೆದು ತೋರಿಸಲಿಲ್ಲ. ಹೋಗಿ ಬರುವ ಕಾಗದ ಇಲ್ಲದವರಿಗೆ ಆ ಕಾಗದದ ಬದಲು ಆಶಾ ಅವರೇ ಹೋಗಿ ಬರಬೇಕು. ಒಬ್ಬರೇ ಎಷ್ಟು ಮಂದಿಯ ಜೊತೆ ಹೋದಾರು?

ರಕ್ತದ ಫಲಿತಾಂಶ ಬಂತು. ಬಸುರಿಗೆ 11 ಇರಬೇಕಾದ ಹಿಮೋಗ್ಲೋಬಿನ್ ಎಂಟರ ಆಸುಪಾಸಿನಲ್ಲಿತ್ತು. ಹುಡುಗಿ ಗಿಡ್ಡ, ಮೊದಲ ಹೆರಿಗೆಯೂ ಶಸ್ತ್ರಚಿಕಿತ್ಸೆಯಿಂದ ಆದದ್ದು. ಕಾರ್ಡಿನ ಮೇಲೆ ಕೆಂಪು ಆಗಲೇ ಇತ್ತು. ವೈದ್ಯೆ, ಕಬ್ಬಿಣಾಂಶದ ಡ್ರಿಪ್ ಹಾಕಿಸೋಣ, ಇವತ್ತೊಂದು, ಆಮೇಲೆ ಇನ್ನೂ ಬೇಕಾಗುತ್ತದೆ ಎಂದರು. ಹುಡುಗಿ ಆಶಾ ಮುಖ ನೋಡಿದಳು. ಡ್ರಿಪ್ ಅಂದರೆ ಇವತ್ತು ಸಂಜೆಯಾಗುತ್ತದೆ, ಮತ್ತೆ ಬರುವುದಾದರೆ ಅತ್ತೆಯ ಕೂಲಿ, ಮೊದಲ ಮಗುವನ್ನು ನೋಡಿಕೊಳ್ಳುವವರು ಯಾರು ಎಂಬ ಲೆಕ್ಕವೆಲ್ಲ ಆ ನೋಟದಲ್ಲಿತ್ತು. "ಇವತ್ತು ಹಾಕಸ್ಕೋ. ಖಾಲಾಗೆ ನಾ ಹೇಳ್ತೀನಿ. ಮಗೂನ ಅಂಗನವಾಡಿ ಟೀಚರ್ ಹತ್ರ ಬಿಡೂಣು."

ಹುಡುಗಿ ಡ್ರಿಪ್‌ಗೆ ಮಲಗಿದ ಮೇಲೆ ಆಶಾ ಮತ್ತೆ ವೈದ್ಯೆಯ ಕೋಣೆಗೆ ಹೋದರು, ಹಿಂದೆ ನಾನೂ. ಡೈರಿಯಿಂದ ಒಂದು ಖಾಲಿ ಹಾಳೆ ಹರಿದು ಮೇಜಿನ ಮೇಲಿಟ್ಟು, ನಮ್ಮೂರಲ್ಲಿ ಒಬ್ಬ ಮುದುಕಿ ಬಿಪಿ ಮಾತ್ರೆ ಬಿಟ್ಟಿದ್ದಾಳೆ, ಇದು ಆಕೆಯ ಹಳೇ ಚೀಟಿ, ಇದರಲ್ಲಿ ಬರೆದದ್ದು ಯಾವ ಮಾತ್ರೆ, ಸಿಸ್ಟರ್‌ಗೆ ಕಾಣುವ ಹಾಗೆ ಬರೆದುಕೊಡಿ ಎಂದರು. ಸಾಲು ಉದ್ದವಿತ್ತು. ವೈದ್ಯೆ ಒಂದು ಕ್ಷಣ ಚೀಟಿಯನ್ನೂ ಹಾಳೆಯನ್ನೂ ನೋಡಿದರು. ರೋಗಿಯನ್ನು ನೋಡದೆ ಹೊಸದಾಗಿ ಬರೆಯಲು ಆಗುವುದಿಲ್ಲ, ಹಳೆಯ ಮಾತ್ರೆಯ ಹೆಸರು ಬರೆಯುತ್ತೇನೆ, ಬಿಪಿ ನೋಡಿ ನನಗೆ ಫೋನ್ ಮಾಡಲು ಹೇಳಿ ಎಂದು ಎರಡು ಸಾಲು ಗೀಚಿದರು. ಆಶಾ ಅದರ ಫೋಟೊ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರು. ಔಷಧಿ ಕೊಡುವ ಕಿಟಕಿಯ ಹತ್ತಿರ ನಿಂತಿದ್ದಾಗ ಸಮುದಾಯ ಆರೋಗ್ಯ ಅಧಿಕಾರಿಯ ಉತ್ತರ ಬಂತು. ಮಾತ್ರೆ ನಮ್ಮಲ್ಲೇ ಇದೆ, ಸಂಜೆ ತಾಂಡಾಕ್ಕೆ ಹೋಗಿ ಬಿಪಿ ನೋಡುತ್ತೇನೆ, ಮನೆ ಯಾವುದು?

"ಬೀಗ ಇಲ್ಲದ್ದು, ಕೊನೀ ಮನಿ" ಎಂದು ಆಶಾ ಬೆರಳಚ್ಚಿಸಿದರು.